ಎಂಟು ಮುಖದ ಕಂಬಕ್ಕೆ ಒಂದು ಪ್ರದಕ್ಷಿಣೆ

ಷಿಯಾನ್ ನಗರದ ವಿಮಾನ ನಿಲ್ದಾಣದಲ್ಲಿ ಎಲ್ಲರ ಸಾಮಾನೂ ಬಂದಿತು. ನನ್ನ ಕುಂಚಗಳ ಪೆಟ್ಟಿಗೆ ಮಾತ್ರ ಬರಲಿಲ್ಲ. ಗಡುಸು ಕೂದಲಿನ ಆ ಕುಂಚಗಳಿಂದ ಮೈಸೂರು ಸೀಮೆಯ ಎಷ್ಟೋ ಕರಿಕಲ್ಲುಗಳ ಮೇಲೆ ಒದ್ದೆ ಕಾಗದವನ್ನು ಬಡಿದು ಶಾಸನಗಳ ಪಡಿಯಚ್ಚು ತೆಗೆದಿದ್ದೆ. ಅವಿಲ್ಲದೆ ಇಷ್ಟು ದೂರ ಬಂದು ಮಾಡುವುದೇನೆಂದು ತೋಚದೆ, ಬರಿದಾಗಿ ಸುತ್ತುತ್ತಿದ್ದ ಪಟ್ಟಿಯ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದೆ.

"ಬನ್ನಿ ಅಂಕಲ್, ಬೆಲ್ಟ್ ಆಫ್ ಮಾಡ್ತಿದ್ದಾರೆ," ಎಂದಳು ನಮ್ಮ ಛಾಯಾಗ್ರಾಹಕಿ. "ನಿಮ್ಮ ಬ್ರಷ್ ಬಾಕ್ಸ್ ಎಲ್ಲೋ ಮಧ್ಯದಲ್ಲಿ ಇಳಿದುಬಿಟ್ಟಿದೆ. ಅವಲಕ್ಕಿ ಬ್ಯಾಗ್ ಬಂದಿದೆ ನೋಡಿ, ಅಷ್ಟರ ಮಟ್ಟಿಗೆ ದೇವರು ದೊಡ್ಡವನು."

ಅವಳು ಮೈಸೂರಿನ ಹೆಣ್ಣುಮಗಳು. ಈಗ ಅಮೆರಿಕದ ರೆಸ್ಟನ್ನಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ವಾಸ. ವಾಷಿಂಗ್ಟನ್ನಿನ ಒಂದು ಸಂಗ್ರಹಾಲಯಕ್ಕೆ ಹಳೆಯ ವಸ್ತುಗಳ ಚಿತ್ರ ತೆಗೆದುಕೊಡುವುದು ಅವಳ ವೃತ್ತಿ. ಅದೇ ಸಂಗ್ರಹಾಲಯದಲ್ಲಿ ಸಂಸ್ಕೃತದ ಶಿಲಾಲೇಖಗಳನ್ನು ಓದಿಕೊಡುವ ಕೆಲಸ ನನ್ನದು. ನಮ್ಮಿಬ್ಬರನ್ನೂ ಚೀನಾಕ್ಕೆ ಕರೆದೊಯ್ದವರು ಆ ಸಂಗ್ರಹಾಲಯದ ಕ್ಯುರೇಟರ್. ಉತ್ತರ ಕ್ಯಾರೊಲೈನಾದ ಷಾರ್ಲೆಟ್ ಬಳಿಯ ಊರಿನಲ್ಲಿ ಬೆಳೆದು, ಚೀನೀ ಭಾಷೆಯನ್ನು ಶ್ರದ್ಧೆಯಿಂದ ಕಲಿತ ಆಕೆಗೆ ಸ್ವಂತ ಹೊಣೆಯಲ್ಲಿ ನಡೆಸುತ್ತಿದ್ದ ಮೊದಲ ಪ್ರದರ್ಶನವದು. ತೊಂಬತ್ತರ ದಶಕದ ನಡುವಿನ ಒಂದು ಶರತ್ಕಾಲ.

ಆ ಪ್ರದರ್ಶನಕ್ಕೆ ಕೇಂದ್ರವಾಗಬೇಕಿದ್ದುದು ಒಂದು ಕಂಬದ ಪಡಿಯಚ್ಚು. ಷಿಯಾನಿನ ಹೊರವಲಯದಲ್ಲಿ ಅಗೆದು ತೆಗೆದ ಬೌದ್ಧ ವಿಹಾರವೊಂದರ ಅಡಿಪಾಯದ ಪಕ್ಕದಲ್ಲಿ, ಎಂಟು ಮುಖಗಳ, ಆಳೆತ್ತರದ ಸುಣ್ಣಕಲ್ಲಿನ ಕಂಬ ನಿಂತಿತ್ತು. ಅದರ ಮೈತುಂಬ ಸಂಸ್ಕೃತದ ಧಾರಣಿ, ಎಂದರೆ ರಕ್ಷೆಗಾಗಿ ಪಠಿಸುವ ಮಂತ್ರ. ಅಕ್ಷರ ನಮ್ಮ ದೇಶದಿಂದಲೇ ಅಲ್ಲಿಗೆ ಹೋದ ಸಿದ್ಧಮಾತೃಕಾ. ಆ ಧಾರಣಿಯ ರೂಢಿಯ ಪಾಠ ನನಗೆ ಪರಿಚಿತವಾಗಿತ್ತು. ರೆಸ್ಟನ್ನಿನಿಂದ ವಾಷಿಂಗ್ಟನ್ನಿಗೆ ಬಸ್ಸಿನಲ್ಲಿ ಹೋಗುತ್ತ ಬರುತ್ತ ಕಂಠಸ್ಥ ಮಾಡಿಕೊಂಡಿದ್ದೆ. ಆದರೆ ಈ ಕಂಬದಲ್ಲಿ, ಆರಂಭವಾದ ಸ್ವಲ್ಪದರಲ್ಲೇ, ಬೇರೆಲ್ಲೂ ಕಾಣದ ಭಾಗವೊಂದಿದೆ ಎಂದು ಅಗೆದವರು ಗುರುತಿಸಿದ್ದರು. ಕಲ್ಲು ಸವೆದು ಬರಿಗಣ್ಣಿಗೆ ಅಲ್ಲೊಂದು ಇಲ್ಲೊಂದು ಅಕ್ಷರ ಕಾಣುತ್ತಿತ್ತೇ ಹೊರತು ಅದನ್ನು ಪೂರ್ತಿ ಓದಲಾಗುತ್ತಿರಲಿಲ್ಲ. ಒದ್ದೆ ಕಾಗದ ಅಕ್ಷರದ ತಗ್ಗಿನೊಳಗೆ ಇಳಿದು ಮೇಲೆ ಮಸಿ ಬಿದ್ದಾಗಲೇ ಅದು ಕಣ್ಣಿಗೆ ಬಂದೀತು. ನಗರ ಬೆಳೆಯುತ್ತಿತ್ತು, ಪಕ್ಕದ ರಸ್ತೆಯನ್ನು ಅಗಲಗೊಳಿಸಬೇಕಿತ್ತು. ನಾವು ಹಿಂದಿರುಗುವ ಹೊತ್ತಿಗೆ ಕಂಬವನ್ನು ಕಳಚಿ, ಪೆಟ್ಟಿಗೆಯೊಳಗಿಟ್ಟು, ಉಗ್ರಾಣಕ್ಕೆ ಸೇರಿಸುವವರಿದ್ದರು. ಆಮೇಲೆ ಅದನ್ನು ಯಾವಾಗ ಹೊರತೆಗೆಯುವರೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಮೊದಲ ದಿನ ಆತಿಥ್ಯದ ಕ್ರಮದಂತೆ ನಮ್ಮನ್ನು ಮಣ್ಣಿನ ಸೈನಿಕರ ಹಳ್ಳಗಳಿಗೆ ಕರೆದೊಯ್ದರು. ಒಬ್ಬ ಸಾರ್ವಭೌಮನ ಪರಲೋಕದ ಕಾವಲಿಗೆ ಸಾಲುಸಾಲಾಗಿ ನಿಂತ ಆ ಮುಖಗಳನ್ನು ನೋಡಿ ಕೈಮುಗಿದೆ. ಎಷ್ಟೋ ಜನ ಕುಶಲಕರ್ಮಿಗಳ ಬೆರಳುಗಳು ಒಂದೊಂದು ಹುಬ್ಬನ್ನೂ ಬೇರೆಬೇರೆಯಾಗಿ ತಿದ್ದಿದ್ದವು. ಬೇರೆ ಸಮಯದಲ್ಲಾಗಿದ್ದರೆ ಅಲ್ಲಿ ಒಂದು ಹಗಲು ನಿಂತಿರುತ್ತಿದ್ದೆ. ಅಂದು ಮಾತ್ರ ನನ್ನ ಕಾಲು ನೆಲಕ್ಕೆ ಅಂಟಲೇ ಇಲ್ಲ. ಮನಸ್ಸು ನನ್ನ ಕುಂಚಗಳ ಹಿಂದೆ, ಮುಟ್ಟಿಯೂ ನೋಡದ ಕಂಬದ ಹಿಂದೆ ಅಲೆಯುತ್ತಿತ್ತು. ಮರಳುವಾಗ ನಗರದ ಕೋಟೆಬಾಗಿಲಿನಲ್ಲಿ ಸೈಕಲ್ಲುಗಳ ಪ್ರವಾಹಕ್ಕೆ ಸಿಕ್ಕಿ ನಮ್ಮ ಗಾಡಿ ನಿಂತಿತು. ಗಂಟೆಗಳ ಟಿಣಿಟಿಣಿ, ಶ್ಯಾವಿಗೆ ಬೇಯಿಸುವ ಅಂಗಡಿಗಳ ಹಬೆ, ಕಟ್ಟುತ್ತಿರುವ ಮಹಡಿಗಳ ಧೂಳು, ಇವೆಲ್ಲದರ ನಡುವೆ ಚಾಲಕ ನಿಶ್ಚಿಂತನಾಗಿ ಸೂರ್ಯಕಾಂತಿ ಬೀಜ ಒಡೆಯುತ್ತಿದ್ದನು.

ಮರುದಿನ ಉತ್ಖನನದ ನೆಲೆಯ ಅಧಿಕಾರಿಯನ್ನು ಕಂಡೆವು. ನನ್ನ ವಯಸ್ಸಿನವರೇ, ಮಿತಭಾಷಿ. ಕುಂಚಗಳು ಕಳೆದುಹೋದ ಸಂಗತಿಯನ್ನು ಕ್ಯುರೇಟರ್ ವಿಷಾದದಿಂದ ತಿಳಿಸಿದಾಗ ಅವರ ಮುಖ ಅರಳಿತು.

"ಒಳ್ಳೆಯದಾಯಿತು ಅನ್ನುತ್ತಿದ್ದಾರೆ," ಎಂದು ಆಕೆ ನನಗೆ ಭಾಷಾಂತರಿಸಿದರು. "ಗಡುಸು ಕುಂಚದಿಂದ ಬಡಿದರೆ ಈ ಕಲ್ಲು ಹೊಪ್ಪಳೆಯೆದ್ದು ಉದುರುತ್ತದಂತೆ. ಇಲ್ಲಿನ ಕ್ರಮದಲ್ಲೇ ಮಾಡಬೇಕಂತೆ, ಸರ್."

ಅವರ ಕ್ರಮ ಹೀಗೆ. ಒಂದು ಬಗೆಯ ಗೆಡ್ಡೆಯನ್ನು ನೆನೆಹಾಕಿದ ಲೋಳೆನೀರಿನಲ್ಲಿ ತೆಳುವಾದ ಕಾಗದವನ್ನು ತೇವಗೊಳಿಸಿ ಕಲ್ಲಿಗೆ ಹೊದಿಸುವುದು. ಮೆತ್ತನೆಯ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ ಗಾಳಿಯನ್ನು ಹೊರಡಿಸುವುದು. ಮೇಲೆ ಉಣ್ಣೆಯ ತುಂಡನ್ನಿಟ್ಟು ಹಗುರವಾದ ಕೊಡತಿಯಿಂದ ತಟ್ಟಿ ಕಾಗದವನ್ನು ಅಕ್ಷರದೊಳಗೆ ಕೂರಿಸುವುದು. ತೇವ ಆರುತ್ತಲಿದ್ದು ಇನ್ನೂ ಪೂರ್ತಿ ಆರದಿರುವ ಗಳಿಗೆಯಲ್ಲಿ, ಹತ್ತಿ ತುಂಬಿ ಬಟ್ಟೆ ಕಟ್ಟಿದ ಗುಂಡಿನಿಂದ ಮಸಿಯನ್ನು ಮುಟ್ಟಿಯೂ ಮುಟ್ಟದಂತೆ ಒತ್ತುತ್ತ ಹೋಗುವುದು. ಆ ಗಳಿಗೆಗೆ ಮೊದಲೇ ಒತ್ತಿದರೆ ಮಸಿ ಹರಡಿ ಅಕ್ಷರ ಮುಳುಗುತ್ತದೆ. ತಡವಾದರೆ ಕಾಗದ ಕಲ್ಲನ್ನು ಬಿಟ್ಟು ಮೇಲೇಳುತ್ತದೆ. ಅಂಗಳದಲ್ಲಿ ಬಿದ್ದಿದ್ದ ಒಡೆದ ಬೀಸುಕಲ್ಲಿನ ಮೇಲೆ ನಾನು ಅಭ್ಯಾಸಕ್ಕೆ ಕುಳಿತೆ. ಬಡಿಯುವುದೇ ರೂಢಿಯಾಗಿದ್ದ ಕೈಗೆ ತಟ್ಟುವುದನ್ನು ಕಲಿಸಬೇಕಿತ್ತು.

"ಚಪಾತಿ ಹಿಟ್ಟು ನಾದಿದ ಹಾಗೆ ಮಾಡ್ಬೇಡಿ ಅಂಕಲ್," ಎಂದು ಛಾಯಾಗ್ರಾಹಕಿ ಕ್ಯಾಮೆರಾದ ಹಿಂದಿನಿಂದ ನಕ್ಕಳು. "ಮಗು ಮಲಗಿಸ್ತಾ ಇದ್ದೀನಿ ಅಂದ್ಕೊಳ್ಳಿ."

ಒಂದೆರಡು ದಿನದಲ್ಲಿ ಎಷ್ಟೋ ಹಾಳೆಗಳು ಹರಿದ ಮೇಲೆ ಅವಳ ಮಾತೇ ಕೈಗೆ ಹತ್ತಿತು.

ಅಧಿಕಾರಿಯ ಇನ್ನೊಂದು ಕಟ್ಟುಪಾಡು ಹೆಚ್ಚು ಕಠಿನವಾಗಿತ್ತು. ತೇವ ಕಲ್ಲಿಗೆ ಒಳ್ಳೆಯದಲ್ಲವಾದ್ದರಿಂದ ಎಂಟರಲ್ಲಿ ನಾಲ್ಕು ಮುಖಗಳಿಗೆ ಮಾತ್ರ, ಒಂದೊಂದಕ್ಕೆ ಒಂದೇ ಸಲ, ಕಾಗದ ಹೊದಿಸಬಹುದು. ಯಾವ ನಾಲ್ಕು ಎಂಬುದನ್ನು ಮೊದಲೇ ಹೇಳಿ ನಗರದ ಕಚೇರಿಯಿಂದ ಕೆಂಪು ಮುದ್ರೆ ಒತ್ತಿಸಿಕೊಳ್ಳಬೇಕು. ಆಯ್ಕೆ ನನ್ನ ಪಾಲಿಗೆ ಬಂದಿತು. ಒಂದು ಮುಖದ ತಲೆಯ ಮೇಲೆ ನಮಸ್ಕಾರವಾಕ್ಯ ದಪ್ಪಕ್ಷರಗಳಲ್ಲಿ ಕಾಣುತ್ತಿತ್ತು. ಅದೇ ಮೊದಲ ಮುಖ. ಪ್ರತಿಯೊಂದು ಮುಖವೂ ಒಂದು ಪುಟದಂತೆ ಸ್ವತಂತ್ರ, ಸಾಲುಗಳು ನಮ್ಮ ಬರವಣಿಗೆಯಂತೆ ಎಡದಿಂದ ಬಲಕ್ಕೆ. ಆದ್ದರಿಂದ ಅದನ್ನೂ ಅದರ ಬಲಗಡೆಯ ಮೂರನ್ನೂ ಆರಿಸಿದೆ. ಎಡದಿಂದ ಬಲಕ್ಕೆ ಓದುವವನು ಮತ್ತೇನನ್ನು ತಾನೆ ಆರಿಸುತ್ತಾನೆ? ಅಧಿಕಾರಿ ನನ್ನ ಬೆರಳು ಹೋದ ದಿಕ್ಕನ್ನು ನೋಡಿ ಒಂದು ಕ್ಷಣ ತಡೆದರು, ಅನಂತರ ತಲೆಬಾಗಿ ಸಮ್ಮತಿಸಿದರು. ಮುದ್ರೆಯೂ ಅಂದೇ ಬಂದಿತು. ಕಾಗದ ಹೊದಿಸಲು ಗೊತ್ತುಮಾಡಿದ್ದು ಮರುದಿನ. ಅದರ ಮರುದಿನ ಕಂಬವನ್ನೊಯ್ಯುವ ಲಾರಿ.

ಕೆಲಸ ಮುಂದೆ ಸರಿದರೂ ನನ್ನ ತಳಮಳ ಕಡಿಮೆಯಾಗಲಿಲ್ಲ. ಕಾರಣ ಹೊಳೆದುದು ಆ ಸಂಜೆ, ಸಂಧ್ಯಾವಂದನೆ ಮುಗಿಸಿ ಹೋಟೆಲಿನ ಕೋಣೆಯಲ್ಲಿ ಆತ್ಮಪ್ರದಕ್ಷಿಣೆಗೆಂದು ನಿಂತಲ್ಲೇ ಬಲಕ್ಕೆ ತಿರುಗಿದಾಗ. ಅಷ್ಟೂ ದಿನ ಅಳತೆಪಟ್ಟಿ ಹಿಡಿದು, ಮುಖದಿಂದ ಮುಖಕ್ಕೆ ಬಲಬಲಕ್ಕೆ ಸರಿಯುತ್ತ, ಮಂತ್ರ ಹೊತ್ತು ನಿಂತ ಆ ಕಂಬವನ್ನು ನನ್ನ ಎಡಕ್ಕಿಟ್ಟುಕೊಂಡು ಸುತ್ತಿದ್ದೆ. ನಮ್ಮಲ್ಲಿ ಹಾಗೆ ಸುತ್ತುವುದು ಅಪ್ರದಕ್ಷಿಣೆ. ಅಶುಭಕ್ಕೆ ಮಾತ್ರ ಸಲ್ಲುವುದು. ಶಾಸನ ಓದುವವನ ಅವಸರದಲ್ಲಿ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಲಾರಿ ಬರುವ ಮುನ್ನ ಒಂದು ಸರಿಯಾದ ಸುತ್ತನ್ನಾದರೂ ಸಲ್ಲಿಸಬೇಕೆಂದು ನಿಶ್ಚಯಿಸಿದೆ.

ಸೂರ್ಯೋದಯಕ್ಕೆ ನೆಲೆಯ ಬಾಗಿಲು ಕೂಲಿಯವರಿಗಾಗಿ ತೆರೆಯುತ್ತಿತ್ತು. ಕಾವಲುಗಾರ ನನ್ನ ಪಂಚೆಯನ್ನು ನೋಡಿ ನಕ್ಕು ಒಳಬಿಟ್ಟನು. ಪಾದರಕ್ಷೆ ಕಳಚಿ, ಕಂಬವನ್ನು ಬಲಕ್ಕಿಟ್ಟುಕೊಂಡು, ಮೊದಲ ಮುಖದಿಂದ ನಿಧಾನವಾಗಿ ಹೆಜ್ಜೆಯಿಡುತ್ತ, ಕಂಠಸ್ಥವಾಗಿದ್ದ ಧಾರಣಿಯನ್ನು ಮೆಲುದನಿಯಲ್ಲಿ ಹೇಳತೊಡಗಿದೆ. ಎಳೆಬಿಸಿಲು ಕಲ್ಲನ್ನು ಓರೆಯಾಗಿ ಸವರುತ್ತಿತ್ತು. ನಡುಹಗಲಿನಲ್ಲಿ ಸಮತಟ್ಟಾಗಿ ಕಾಣುತ್ತಿದ್ದ ಕಲ್ಲಿನ ಮೇಲೆ ಅಲ್ಲಲ್ಲಿ ಅಕ್ಷರಗಳ ನೆರಳು ಎದ್ದಿತ್ತು. ಮೊದಲ ಮುಖದ ಕೊನೆಯ ಸಾಲು 'ವಿಶು' ಎಂಬಲ್ಲಿಗೆ ತುಂಡಾಗಿತ್ತು. ನನ್ನ ನಾಲಗೆ ತಾನಾಗಿಯೇ 'ವಿಶುದ್ಧೇ' ಎಂದು ಪದವನ್ನು ಮುಗಿಸುವ ಹೊತ್ತಿಗೆ ಕಾಲು ಪಕ್ಕದ ಮುಖಕ್ಕೆ ಬಂದಿತ್ತು. ಆ ಮುಖದ ಮೊದಲಲ್ಲಿ, ಬಿಸಿಲಿನ ಅಂಚಿನಲ್ಲಿ, ಒತ್ತಕ್ಷರ ಸಹಿತ 'ದ್ಧೇ' ನಿಂತಿತ್ತು.

ಬೆರಳಿಟ್ಟು ನೋಡಿದೆ. ಅನುಮಾನವಿರಲಿಲ್ಲ. ಕಂಬವನ್ನು ಬಲಕ್ಕಿಟ್ಟುಕೊಂಡು ನಡೆಯುವವನು, ಅದಕ್ಕೆ ಎದುರಾಗಿ ನಿಂತಾಗ, ತನ್ನ ಎಡಕ್ಕೆ ಸರಿಯುತ್ತಾನೆ. ಸಾಲುಗಳು ಎಡದಿಂದ ಬಲಕ್ಕೆ ಓಡಿದರೂ ಪುಟಗಳು ಬಲದಿಂದ ಎಡಕ್ಕೆ ತಿರುಗುತ್ತಿದ್ದವು. ಕೆತ್ತಿಸಿದವರು ಇದನ್ನು ನಿಂತು ಓದಲಿಕ್ಕಲ್ಲ, ಸುತ್ತುತ್ತ ಪಠಿಸಲಿಕ್ಕೆ ಕೆತ್ತಿಸಿದ್ದರು. ಕೆಂಪು ಮುದ್ರೆ ಬಿದ್ದ ನಮ್ಮ ನಾಲ್ಕು ಮುಖಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದವು ಧಾರಣಿಯ ಬಾಲ. ನಾವು ಹುಡುಕಿಕೊಂಡು ಬಂದ ಅಪೂರ್ವ ಭಾಗ ಮುದ್ರೆಯ ಹೊರಗೆ ಉಳಿದಿತ್ತು.

ಹೋಟೆಲಿನಲ್ಲಿ ಛಾಯಾಗ್ರಾಹಕಿಗೆ ಮೊದಲು ಹೇಳಿದೆ. ಅವಳ ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು.

"ಅಂಕಲ್, ನಿನ್ನೆ ನೀವೇ ಸೈನ್ ಮಾಡಿದ್ರಿ! ಈಗ ಉಲ್ಟಾ ಅಂದ್ರೆ ಪರ್ಮಿಷನ್ನೇ ಕ್ಯಾನ್ಸಲ್ ಮಾಡಿದ್ರೆ? ಕ್ಯುರೇಟರ್‌ದು ಫಸ್ಟ್ ಶೋ ಇದು, ಪಾಪ. ಇರೋ ನಾಲ್ಕನ್ನ ತಗೊಂಡು ಹೋಗೋಣ. ವಾಷಿಂಗ್ಟನ್‌ನಲ್ಲಿ ಯಾರಿಗೆ ಗೊತ್ತಾಗತ್ತೆ?"

"ಓದುವವರಿಗೆ ಗೊತ್ತಾಗುತ್ತದೆ," ಎಂದೆ.

"ಓದೋರು ನೀವೊಬ್ರೇ ಅಲ್ವಾ?"

"ಅದಕ್ಕೇ ಹೇಳಬೇಕು."

ಕ್ಯುರೇಟರ್ ಮೆಟ್ಟಿಲಿಳಿದು ಬಂದರು. ನಾನು ಹೇಳಿ ಮುಗಿಸುವವರೆಗೂ ಕೂರಲಿಲ್ಲ. ಅಮೆರಿಕದ ದಕ್ಷಿಣದ ಅವರ ನಾಡಿನವರ ಸೌಜನ್ಯ ದೊಡ್ಡದು. ಕೋಪವೂ ಅದರ ಹೊದಿಕೆಯಲ್ಲೇ ಬರುತ್ತದೆ. "ಸರ್, ನಿಮಗೆ ಸಂದೇಹವೇ ಇಲ್ಲವೇ?" ಎಂದರು. ಇಲ್ಲವೆಂದೆ. "ನಾವು ಕೇಳಿ, ಅವರು ಇಲ್ಲವೆಂದುಬಿಟ್ಟರೆ ನಮಗೆ ಒಂದು ಹಾಳೆಯೂ ಸಿಗುವುದಿಲ್ಲ." ಅದೂ ಗೊತ್ತಿದೆಯೆಂದೆ. ಅವರು ಚೀಲ ಹೆಗಲಿಗೇರಿಸಿದರು. "ಹಾಗಾದರೆ ಕೇಳೋಣ. ಬಾಲ ತೋರಿಸಿ ತಲೆ ಎಂದು ಹೇಳುವ ಪ್ರದರ್ಶನ ನನಗೆ ಬೇಡ."

ನೆಲೆಯಲ್ಲಿ ಅಧಿಕಾರಿಯನ್ನು ಕಂಬದ ಬಳಿ ಕರೆತಂದು, ಒಂದು ಸುತ್ತು ಅವರೊಂದಿಗೆ ನಡೆದೆ. ತುಂಡಾದ ಪದದ ಎರಡು ಹೋಳುಗಳನ್ನು ತೋರಿಸಿದೆ. ಅವರು ಒಂದೆರಡು ಮಾತು ಹೇಳಿದರು. ಕ್ಯುರೇಟರ್ ತಲೆಯ ಮೇಲೆ ಕೈಯಿಟ್ಟುಕೊಂಡರು.

"ನಮ್ಮ ಬರಹ ಕಂಬದ ಸುತ್ತ ಯಾವಾಗಲೂ ಹೀಗೇ, ಬಲದಿಂದ ಎಡಕ್ಕೆ, ಹೋಗುತ್ತದೆ ಅನ್ನುತ್ತಿದ್ದಾರೆ. ನೀವು ಆ ಕಡೆ ಬೆರಳು ಮಾಡಿದಾಗ ಆಶ್ಚರ್ಯವಾಯಿತಂತೆ. ಆದರೆ ನೀವು ಬುದ್ಧ ಹುಟ್ಟಿದ ನಾಡಿನವರು, ಅಕ್ಷರವೂ ನಿಮ್ಮದೇ. ನಿಮ್ಮ ಪದ್ಧತಿಯೇ ಬೇರೆ ಇರಬೇಕು, ತಿದ್ದುವುದು ಅವಿನಯ ಅಂದುಕೊಂಡರಂತೆ."

ಛಾಯಾಗ್ರಾಹಕಿ ನನ್ನ ಕಿವಿಯ ಬಳಿ ಉಸುರಿದಳು: "ಮರ್ಯಾದೆ ಜಾಸ್ತಿ ಆಯ್ತು ಅಂಕಲ್."

ಅಧಿಕಾರಿ ಒಪ್ಪಿದರೂ ಮುದ್ರೆ ಅವರ ಕೈಯಲ್ಲಿರಲಿಲ್ಲ. ನೆಲೆಯ ಕೆಲಸ ಬಿಟ್ಟು ಬರಲಾರದ ಅವರು ಒಂದು ಚೀಟಿ ಬರೆದುಕೊಟ್ಟರು. ಕ್ಯುರೇಟರೂ ನಾನೂ ಅದನ್ನು ಹಿಡಿದು ಕೋಟೆಯೊಳಗಿನ ನಗರಕ್ಕೆ ಹೊರಟೆವು. ರಸ್ತೆ ಅಗೆದಿದ್ದರು. ಬಸ್ಸುಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಕೊನೆಗೆ ಗಾಡಿಯಿಂದಿಳಿದು ಸೈಕಲ್ಲುಗಳ ಎಡೆಯಲ್ಲಿ ನಡೆದೆವು. ಪಂಚೆ ಬದಲಿಸಲು ಪುರಸೊತ್ತಾಗದ ನನ್ನನ್ನು ನೋಡಲು ಇನ್ನಷ್ಟು ಸೈಕಲ್ಲುಗಳು ನಿಂತವು. ಕಚೇರಿ ತಲುಪುವ ಹೊತ್ತಿಗೆ ಮಧ್ಯಾಹ್ನದ ವಿಶ್ರಾಂತಿಯ ಸಮಯ. ಅದು ಅಲ್ಲಿನ ರೂಢಿ: ಊಟದ ಮೇಲೆ ಎಲ್ಲರೂ ತುಸು ಹೊತ್ತು ಮಲಗುತ್ತಾರೆ. ಅರೆತೆರೆದ ಬಾಗಿಲಿನೊಳಗೆ ಗುಮಾಸ್ತರು ಮೇಜಿನ ಮೇಲೆ ತೋಳಿಟ್ಟು, ತೋಳಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದರು. ಹೊರಗಿನ ಬೆಂಚಿನಲ್ಲಿ ಕುಳಿತು ಜಪಕ್ಕೆ ತೊಡಗಿದೆ. ಬೆರಳು ಎಣಿಸುತ್ತಿತ್ತು, ಮನಸ್ಸು ಮಾತ್ರ ಅಂಗಳದಲ್ಲಿ ಬಿಸಿಲಿಗೆ ಕಾಯುತ್ತಿದ್ದ ಕಲ್ಲಿನ ಬಳಿ ಇತ್ತು. ಕಲ್ಲು ಕಾದರೆ ಕಾಗದ ಬೇಗ ಆರುತ್ತದೆ. ಗಾಳಿಯೆದ್ದರೆ ನಿಲ್ಲುವುದೇ ಇಲ್ಲ.

ಎದ್ದ ಗುಮಾಸ್ತ ಕಣ್ಣೊರೆಸಿಕೊಂಡು, ನಿನ್ನೆಯಿಂದ ಇವತ್ತಿಗೆ ಕಂಬ ತಿರುಗಿತೇ ಎಂದು ಕೇಳಿದನಂತೆ. ಕ್ಯುರೇಟರ್ ನಕ್ಕರು, ಅವನೂ ನಕ್ಕ, ಮುದ್ರೆ ಬಿದ್ದಿತು.

ನಾವು ಮರಳಿದಾಗ ಛಾಯಾಗ್ರಾಹಕಿ ಕಂಬದ ಸುತ್ತ ಬಿದಿರು ನೆಟ್ಟು, ಹೋಟೆಲಿನ ಹೊದಿಕೆಗಳನ್ನು ಕಟ್ಟಿ ನೆರಳು ಮಾಡಿದ್ದಳು. ಬಿಸಿಲು ಆಗಲೇ ಇಳಿಮುಖವಾಗಿತ್ತು. ಮೊದಲ ಮುಖಕ್ಕೆ ಕಾಗದ ಹೊದಿಸಿ, ತಟ್ಟಿ, ಮಸಿ ಒತ್ತಿದೆ. ಅಕ್ಷರಗಳು ಕಪ್ಪಿನ ನಡುವೆ ಬಿಳಿಯಾಗಿ ಒಂದೊಂದೇ ಮೇಲೆದ್ದವು. ಎರಡನೆಯದರಲ್ಲಿ ಪರಿಚಿತ ಪಾಠ ಮುಂದುವರಿಯಿತು. ಮೂರನೆಯದರ ಮಧ್ಯದಲ್ಲಿ ನನ್ನ ಬಾಯಿ ತಡವರಿಸಿತು. ಅಲ್ಲಿದ್ದ ಪದ ನನಗೆ ಗೊತ್ತಿದ್ದುದಲ್ಲ, ಅದರ ಮುಂದಿನದೂ ಅಲ್ಲ. ಅಪೂರ್ವ ಭಾಗ ಅಲ್ಲಿ ಆರಂಭವಾಗಿತ್ತು, ಅಲ್ಲಿ ಮುಗಿದಿರಲಿಲ್ಲ. ವಾಕ್ಯ ನಾಲ್ಕನೆಯ ಮುಖಕ್ಕೆ ಹೋಗಿತ್ತು.

ನಾಲ್ಕನೆಯದಕ್ಕೆ ಕಾಗದ ಹೊದಿಸಿ ತಟ್ಟುತ್ತಿದ್ದಾಗ ರಸ್ತೆಯ ಕಡೆಯಿಂದ ಗಾಳಿ ಎದ್ದಿತು. ಹೊದಿಕೆಗಳು ಪಟಪಟನೆ ಬಡಿದವು. ಕಾಗದದ ಮೇಲಂಚು ಆರಿ, ಕಲ್ಲನ್ನು ಬಿಟ್ಟು ತುಸು ಮೇಲೆದ್ದಿತು. ಕೂರಿಸಲೆಂದು ಬೆರಳಿಟ್ಟಾಗ ಅಂಚಿನ ಒಳಮೈಯಲ್ಲಿ ಸಣ್ಣದೊಂದು ಬೂದುಬಣ್ಣದ ಹೊಪ್ಪಳೆ ಅಂಟಿದ್ದುದನ್ನು ಕಂಡೆ. ಕಲ್ಲು ಕಾಗದದೊಂದಿಗೆ ಬರುತ್ತಿತ್ತು.

"ಮಸಿ ಹಾಕಿಬಿಡಿ ಅಂಕಲ್, ಬೇಗ!" ಎಂದಳು ಛಾಯಾಗ್ರಾಹಕಿ. "ಇನ್ನು ಐದು ನಿಮಿಷ ಅಷ್ಟೆ!"

ಮಸಿಯ ಗುಂಡನ್ನು ಕೈಗೆತ್ತಿಕೊಂಡೆ. ಒತ್ತುತ್ತ ಹೋದರೆ ಮಂತ್ರ ಕಾಗದಕ್ಕೆ ಬರುತ್ತಿತ್ತು, ನಿಜ. ಅಷ್ಟರಲ್ಲಿ ಕಾಗದ ಆರಿ ಬಿಗಿದು, ಬಿಡಿಸುವಾಗ ಅಕ್ಷರದ ಅಂಚುಗಳನ್ನು ಕಿತ್ತುಕೊಂಡೇ ಬರುತ್ತಿತ್ತು. ಆಮೇಲೆ ಅದು ನಮ್ಮ ಹಾಳೆಯಲ್ಲಿರುತ್ತಿತ್ತು, ಕಲ್ಲಿನಲ್ಲಿರುತ್ತಿರಲಿಲ್ಲ. ಕ್ಯುರೇಟರ್ ಕಡೆಗೆ ನೋಡಿದೆ. ಅವರು ಆ ಹೊಪ್ಪಳೆಯನ್ನು ನೋಡಿದ್ದರು. ನೀರಿನ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು. ಮಸಿಯ ಗುಂಡನ್ನು ಕೆಳಗಿಟ್ಟೆ. ಮೆತ್ತನೆಯ ಕುಂಚದಿಂದ ಕಾಗದವನ್ನು ಮತ್ತೆ ತೋಯಿಸಿ, ನೆನೆಯುವವರೆಗೆ ಕಾದು, ಅಂಗುಲ ಅಂಗುಲವಾಗಿ ಬಿಡಿಸಿದೆ. ಕಲ್ಲು ಕಲ್ಲಾಗಿ ಉಳಿಯಿತು. ತೋಯ್ದ ಕಾಗದದಲ್ಲಿ ಮೂಡಿದ್ದ ಅಕ್ಷರದ ತಗ್ಗುಗಳು ನೋಡನೋಡುತ್ತಿದ್ದಂತೆ ಕರಗಿ, ಹಾಳೆ ಬೆಳ್ಳಗಾಯಿತು. ಒಂದೇ ಸಲ ಎಂದಿದ್ದ ಅವಕಾಶ ಮುಗಿದಿತ್ತು. ಅಧಿಕಾರಿ ಹೊಪ್ಪಳೆಯನ್ನು ಅಂಗೈಯಲ್ಲಿ ತೆಗೆದುಕೊಂಡು, ನನಗೆ ಆಳವಾಗಿ ತಲೆಬಾಗಿದರು.

ಮರುದಿನ ಬೆಳಕು ಹರಿಯುವ ಮುನ್ನವೇ ಲಾರಿ ಬಂದಿತು.

ವಾಷಿಂಗ್ಟನ್ನಿನಲ್ಲಿ ಛಾಯಾಗ್ರಾಹಕಿ ಆ ಬಿಳಿಯ ಹಾಳೆಯ ಪಕ್ಕದಲ್ಲಿ ದೀಪವನ್ನು ಓರೆಯಾಗಿಟ್ಟು, ಎಲ್ಲ ಕೋನಗಳಿಂದ ಚಿತ್ರ ತೆಗೆದು ನೋಡಿದಳು. ಒಂದು ಗೆರೆಯೂ ಏಳಲಿಲ್ಲ. ಆದರೂ ಕ್ಯುರೇಟರ್ ಅದನ್ನು ಬಿಡಲಿಲ್ಲ. ಎಂಟು ಮುಖಗಳ ಮರದ ಚೌಕಟ್ಟು ಮಾಡಿಸಿ, ಮೂರು ಪಡಿಯಚ್ಚುಗಳನ್ನೂ ನಾಲ್ಕನೆಯದಾಗಿ ಆ ಬರಿಯ ಹಾಳೆಯನ್ನೂ ತೂಗುಹಾಕಿಸಿದರು. ಉಳಿದ ಮುಖಗಳು ಬರಿಮರ. ಸಂಗ್ರಹಾಲಯದಲ್ಲಿ ಎಲ್ಲ ಕೋಣೆಗಳನ್ನೂ ಬಲಕ್ಕೆ ತಿರುಗಿ ನೋಡುವ ಕ್ರಮ. ಈ ಕೋಣೆಯ ಬಾಣದ ಗುರುತನ್ನು ಅವರು ಎಡಕ್ಕೆ ತಿರುಗಿಸಿದರು. ಪ್ರಾರಂಭದ ದಿನ ಒಳಬಂದವರು ಹಳೆಯ ರೂಢಿಯಲ್ಲಿ ಬಲಕ್ಕೆ ಹೊರಟು, ಎದುರಿನಿಂದ ಬಂದವರಿಗೆ ಡಿಕ್ಕಿ ಹೊಡೆದು ಕ್ಷಮೆ ಕೇಳುತ್ತಿದ್ದರು.

"ಇಡೀ ಬಿಲ್ಡಿಂಗ್ ಒಂದು ಕಡೆ, ನಿಮ್ಮ ರೂಮ್ ಇನ್ನೊಂದು ಕಡೆ ಅಂಕಲ್," ಎಂದು ನಕ್ಕಳು ಛಾಯಾಗ್ರಾಹಕಿ. ಆಮೇಲೆ ಬಿಳಿಯ ಹಾಳೆಯ ಮುಂದೆ ನಿಂತು ದನಿ ತಗ್ಗಿಸಿದಳು. "ಇಲ್ಲೇನಿತ್ತು ಅಂತ ನಮಗೆ ಗೊತ್ತಾಗೋದೇ ಇಲ್ವಾ?"

"ಕಲ್ಲಿನಲ್ಲಿ ಇದೆಯಲ್ಲಮ್ಮ," ಎಂದೆ.

ಜನ ಚದುರಿದ ಮೇಲೆ ಚೌಕಟ್ಟನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಹೊರಟೆ. ಮೊದಲ ಎರಡು ಹಾಳೆಗಳನ್ನು ಕಂಠಪಾಠದಿಂದ ಹೇಳಿದೆ. ಮೂರನೆಯದರ ಹೊಸ ಪದಗಳನ್ನು ಕಣ್ಣಿಟ್ಟು ಓದಿ ಹೇಳಿದೆ. ನಾಲ್ಕನೆಯದರ ಎದುರು ಬಂದಾಗ ರೂಢಿಯ ಪಾಠ ನಾಲಗೆಯ ತುದಿಗೆ ಬಂದು ಜಾಗ ತುಂಬಲು ಹವಣಿಸಿತು. ಅದನ್ನು ತಡೆದು, ಆ ಒಂದು ಮುಖದಷ್ಟು ದೂರವನ್ನು ಬಾಯಿ ಮುಚ್ಚಿ, ಕಾಲು ನಿಲ್ಲಿಸದೆ ನಡೆದೆ.